ಎಂವಿಸಿ ಪರಿಹಾರ: ಪಾಲಿನ ಜಗಳ ಶುರುವಾಗುವುದು ಅರ್ಜಿಯ ಮೊದಲ ಪುಟದಲ್ಲಿ

ರಸ್ತೆ ಅಪಘಾತದಲ್ಲಿ ತೀರಿಕೊಂಡವರ ಪರಿಹಾರದ ಕೇಸುಗಳಲ್ಲಿ (ಕೋರ್ಟಿನ ಭಾಷೆಯಲ್ಲಿ ಎಂವಿಸಿ, ಅಂದರೆ ಮೋಟಾರು ವಾಹನ ಕೇಸು) ಅತ್ತೆ–ಸೊಸೆ ಜಗಳ ಕೋರ್ಟಿಗೆ ಬರುವುದು ಚೆಕ್ ಬಂದ ಮೇಲೆ. ಅದರ ಮೂಲ ಮಾತ್ರ ಅರ್ಜಿದಾರರ ಪಟ್ಟಿಯಲ್ಲಿರುತ್ತದೆ. ಆದ್ದರಿಂದ ವಕಾಲತ್ತಿಗೆ ಸಹಿ ಹಾಕಿಸುವ ಮೊದಲೇ ನಾಡಕಚೇರಿಯ ವಂಶವೃಕ್ಷವನ್ನೂ ರೇಷನ್ ಕಾರ್ಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಒಂದರಲ್ಲಿದ್ದು ಇನ್ನೊಂದರಲ್ಲಿಲ್ಲದ ಹೆಸರು ಕಂಡರೆ ಅಲ್ಲೇ ಕೇಳಿಬಿಡಬೇಕು.

ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಪ್ರಕಾರ ಅರ್ಜಿ ಎಲ್ಲ ವಾರಸುದಾರರ ಪರವಾಗಿರಬೇಕು. ಜೊತೆಗೆ ಬರಲೊಪ್ಪದವರನ್ನು ಎದುರುದಾರರಾಗಿ ಸೇರಿಸಬೇಕು. ಮದುವೆಯಾದ ಹೆಣ್ಣುಮಗಳು ಅವಲಂಬಿತಳಲ್ಲದಿದ್ದರೂ ಅರ್ಜಿ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಮಂಜುರಿ ಬೇರಾ ಪ್ರಕರಣದಲ್ಲಿ ಹೇಳಿದೆ. ವಿಧವೆ ಮರುಮದುವೆಯಾದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. 2022ರ ಏಪ್ರಿಲ್ 1ರಿಂದ ಕಾಯ್ದೆಯಲ್ಲಿ ಅರ್ಜಿ ಹಾಕಲು ಆರು ತಿಂಗಳ ಗಡುವಿದೆ, ಹಾಗಾಗಿ ಮನೆಯವರು ರಾಜಿಯಾಗಲಿ ಎಂದು ಕಾಯುತ್ತಾ ಕೂರುವುದಿಲ್ಲ. ಒಪ್ಪದವರನ್ನು ಎದುರುದಾರರ ಸಾಲಿಗೆ ಹಾಕಿ ಅರ್ಜಿ ಸಲ್ಲಿಸುತ್ತೇನೆ.

‘ಅತ್ತೆ ಹೆಸರು ಬೇಡ ಸರ್, ನಮ್ಮ ಪಾಲು ಕಡಿಮೆಯಾಗುತ್ತೆ’ ಎನ್ನುವವರ ಮುಂದೆ ಕಾಗದ ತೆಗೆದು ಲೆಕ್ಕ ಬರೆಯುತ್ತೇನೆ. ಗಾರೆ ಕೆಲಸದವರು, ವಯಸ್ಸು 34, ತಿಂಗಳ ಆದಾಯ 15,000 ಎಂದುಕೊಳ್ಳಿ. ಭವಿಷ್ಯದ ಗಳಿಕೆಗೆ ಶೇ 40 ಸೇರಿದರೆ 21,000. ಹೆಂಡತಿ, ಇಬ್ಬರು ಮಕ್ಕಳು ಮಾತ್ರ ಇದ್ದರೆ ಮೃತರ ಸ್ವಂತ ಖರ್ಚಿಗೆ ಮೂರನೇ ಒಂದು ಭಾಗ ಕಳೆಯುತ್ತಾರೆ, ಉಳಿಯುವುದು 14,000. ವರ್ಷಕ್ಕೆ 1,68,000. ಆ ವಯಸ್ಸಿನ ಗುಣಕ (ವರ್ಷದ ಮೊತ್ತವನ್ನು ಗುಣಿಸುವ ಸಂಖ್ಯೆ) 16, ಒಟ್ಟು 26,88,000. ತಾಯಿಯೂ ಸೇರಿ ಅವಲಂಬಿತರು ನಾಲ್ವರಾದರೆ ಕಳೆಯುವುದು ನಾಲ್ಕನೇ ಒಂದು ಭಾಗ ಅಷ್ಟೇ. ಆಗ 15,750 ಉಳಿದು ಒಟ್ಟು 30,24,000 ಆಗುತ್ತದೆ. ತಾಯಿಯ ಹೆಸರಿನಿಂದಲೇ 3,36,000 ಹೆಚ್ಚು. ಮಗನನ್ನು ಕಳೆದುಕೊಂಡದ್ದಕ್ಕೆ ತಾಯಿಗೆ ಪ್ರತ್ಯೇಕವಾಗಿ ಸಿಗುವ ಮೊತ್ತ ಬೇರೆ: ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಥಿ ತೀರ್ಪಿನ 40,000, ಅದರ ಮೇಲೆ ಮೂರು ವರ್ಷಕ್ಕೊಮ್ಮೆ ಶೇ 10ರ ಏರಿಕೆ. ತಾಯಿಗೆ ಈ ಎರಡೂ ಸೇರಿದ ಮೊತ್ತಕ್ಕಿಂತ ದೊಡ್ಡ ಪಾಲು ಹೋದರೆ ಸೊಸೆಗೆ ಕಡಿಮೆಯಾಗುವುದು ನಿಜ, ಆದರೆ ಅವರು ಅಂದುಕೊಂಡಷ್ಟಲ್ಲ. ತಂದೆಯನ್ನು ಸಾಮಾನ್ಯವಾಗಿ ಅವಲಂಬಿತ ಎಂದು ಎಣಿಸುವುದಿಲ್ಲ. ಅವರಿಗೆ ಬೇರೆ ಆದಾಯವಿಲ್ಲ ಎಂದಾದರೆ ಸಾಕ್ಷ್ಯ ಕೊಡಬೇಕು.

ಈ ಹಣ ಆಸ್ತಿ ಭಾಗದಂತೆ ಸಮಸಮ ಹಂಚಿಕೆಯಾಗುವುದಿಲ್ಲ. ಯಾರು ಎಷ್ಟು ಅವಲಂಬಿತರು ಎಂದು ನೋಡಿ ನ್ಯಾಯಾಧಿಕರಣ (ಅಪಘಾತ ಪರಿಹಾರದ ಕೇಸು ನಡೆಸುವ ಕೋರ್ಟು) ಪಾಲು ಗೊತ್ತುಮಾಡುತ್ತದೆ. ಬ್ಯಾಂಕಿನಲ್ಲೋ ಪಾಲಿಸಿಯಲ್ಲೋ ನಾಮಿನಿ ಯಾರಿದ್ದರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇನ್ನು ರಾಜಿ. ವಾಹನದ ಮಾಲೀಕ ಮಾವನ ಕೈಗೆ ನಗದು ಕೊಟ್ಟು ಛಾಪಾ ಕಾಗದದಲ್ಲಿ ‘ಮುಂದೆ ಯಾವ ತಕರಾರೂ ಇಲ್ಲ’ ಎಂದು ಬರೆಸಿಕೊಂಡಿದ್ದರೆ ಅದು ಸೊಸೆಯನ್ನೂ ಮಕ್ಕಳನ್ನೂ ಕಟ್ಟಿಹಾಕುವುದಿಲ್ಲ. ಲೋಕ ಅದಾಲತ್‌ನ ರಾಜಿ ಹಾಗಲ್ಲ. ಅದರ ಮೇಲೆ ಅಪೀಲು ಇಲ್ಲ, ಹೈಕೋರ್ಟಿಗೆ ರಿಟ್ ಹಾಕಬೇಕು, ಅದೂ ಸೀಮಿತ ಕಾರಣಗಳಿಗೆ. ಆದ್ದರಿಂದ ಜಂಟಿ ಮೆಮೊದಲ್ಲಿ (ಎರಡೂ ಕಡೆಯವರು ಸಹಿ ಹಾಕುವ ರಾಜಿ ಪತ್ರದಲ್ಲಿ) ಬರೀ ಒಟ್ಟು ಮೊತ್ತವಿದ್ದರೆ ನಾನು ಸಹಿ ಹಾಕಿಸುವುದಿಲ್ಲ. ‘1ನೇ ಅರ್ಜಿದಾರರಿಗೆ ಇಷ್ಟು, 4ನೇ ಅರ್ಜಿದಾರರಿಗೆ ಇಷ್ಟು, ವಿಮಾ ಕಂಪನಿ ಇಂತಿಷ್ಟು ದಿನದಲ್ಲಿ ಠೇವಣಿ ಇಡತಕ್ಕದ್ದು, ತಪ್ಪಿದರೆ ಇಷ್ಟು ಬಡ್ಡಿ’ ಎಂದು ಸ್ಪಷ್ಟವಾಗಿರಬೇಕು. ‘ಕುಟುಂಬದವರು ಹಂಚಿಕೊಳ್ಳತಕ್ಕದ್ದು’ ಎಂಬ ಸಾಲು ಕಂಡರೆ ಹೊಡೆದುಹಾಕಿಸಿ. ಮುಂದಿನ ದಾವೆಗೆ ಅದೇ ಆಹ್ವಾನ ಪತ್ರಿಕೆ.

ಅಪ್ರಾಪ್ತ ಮಕ್ಕಳಿದ್ದರೆ ರಾಜಿಗೆ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶ, 7ನೇ ನಿಯಮದಡಿ ಕೋರ್ಟಿನ ಅನುಮತಿ ಕೇಳಿ ಮಧ್ಯಂತರ ಅರ್ಜಿ ಹಾಕಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ ಮಗುವಿನ ಮಟ್ಟಿಗೆ ರಾಜಿಯನ್ನು ಮುಂದೆ ಪ್ರಶ್ನಿಸಬಹುದು.

ಪ್ರತಿಯೊಬ್ಬರಿಗೂ ಒಂಟಿ ಖಾತೆ ತೆರೆಸುತ್ತೇನೆ. ವಯಸ್ಸಾದ ತಾಯಿಯ ಹಣ ಇನ್ನೊಬ್ಬ ಮಗನ ಜೊತೆಗಿನ ಜಂಟಿ ಖಾತೆಗೆ ಬಿದ್ದರೆ ಅದು ತಾಯಿಯ ಕೈಗೆ ಸಿಗುವುದು ಕಷ್ಟ. ಆಧಾರ್, ಪಾಸ್‌ಬುಕ್, ಅರ್ಜಿ ಮೂರರಲ್ಲೂ ಹೆಸರು ಒಂದೇ ಥರ ಇರಲಿ, ಇನಿಷಿಯಲ್ ವ್ಯತ್ಯಾಸವಾದರೂ ಹಣ ತಡವಾಗುತ್ತದೆ. ಪಾನ್ ಇಲ್ಲದಿದ್ದರೆ ಅದನ್ನೂ ಮೊದಲೇ ಮಾಡಿಸಿ.

ಹೆಸರು ಬಿಟ್ಟುಹೋದವರು ಬಂದರೆ ಮೊದಲು ಕೇಳುವುದು ಹಣ ಬಿಡುಗಡೆಯಾಗಿದೆಯೇ ಎಂದು. ತೀರ್ಪಿಗೆ ಮುಂಚೆಯಾದರೆ ಅದೇ ಸಂಹಿತೆಯ 1ನೇ ಆದೇಶ, 10ನೇ ನಿಯಮದಡಿ ಪಕ್ಷಗಾರರಾಗಿ ಸೇರಿಸಿಕೊಳ್ಳಲು ಅರ್ಜಿ. ತೀರ್ಪಾಗಿ ಹಣ ಕೋರ್ಟಿನಲ್ಲೇ ಇದ್ದರೆ, ಬಿಡುಗಡೆ ಮಾಡಬಾರದೆಂದು ಅಂದೇ ಅರ್ಜಿ ಹಾಕಬೇಕು. ಖಾತೆ ಸೇರಿದ ಮೇಲೆ ಪಡೆದವರ ವಿರುದ್ಧ ಬೇರೆ ದಾವೆ, ವರ್ಷಗಟ್ಟಲೆ ಅಲೆದಾಟ.

ಮಕ್ಕಳ ಪಾಲು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗುತ್ತದೆ. ಕೋರ್ಟಿನ ಅನುಮತಿ ಇಲ್ಲದೆ ಅವಧಿಗೆ ಮುಂಚೆ ಹಣ ತೆಗೆಯುವಂತಿಲ್ಲ, ಅದರ ಮೇಲೆ ಸಾಲವೂ ಇಲ್ಲ. ಕಾಲಕಾಲಕ್ಕೆ ಬರುವ ಬಡ್ಡಿ ತಾಯಿಯ ಕೈಗೆ ಸಿಗುವಂತೆ ಆದೇಶದಲ್ಲೇ ಬರೆಸಿಕೊಳ್ಳಿ. ಶಾಲೆ ಫೀಜಿಗೆ ಅಸಲಿನಿಂದ ಬೇಕಾದರೆ ಶಾಲೆಯ ಡಿಮಾಂಡ್ ಪತ್ರದೊಂದಿಗೆ ಅರ್ಜಿ ಹಾಕಬಹುದು. ಖರ್ಚಿನ ಕಾಗದವಿಲ್ಲದ ಅರ್ಜಿ ಸಾಮಾನ್ಯವಾಗಿ ವಜಾ ಆಗುತ್ತದೆ. ಹದಿನೆಂಟು ತುಂಬಿದ ಮೇಲೆ ಜನ್ಮದಿನಾಂಕ ಇರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ಮತ್ತು ಠೇವಣಿ ರಸೀದಿ ಲಗತ್ತಿಸಿ ಅದೇ ಎಂವಿಸಿ ಸಂಖ್ಯೆಯಲ್ಲಿ ಬಿಡುಗಡೆ ಆದೇಶ ಕೇಳಬೇಕು.