ಕ್ಯಾಮೆರಾ ಹೊರಗಿಡಿ, ಹೌಸಿಂಗ್ ಮುಳುಗಿಸಿ

ನೀರಿನಡಿ ಚಿತ್ರ ತೆಗೆಯಲು ಕ್ಯಾಮೆರಾ ಕೂರಿಸುವ ಜಲನಿರೋಧಕ ಪೆಟ್ಟಿಗೆಗೆ, ಅಂದರೆ ಹೌಸಿಂಗ್‌ಗೆ, ನೀರು ನುಗ್ಗುವುದು ಆಳಕ್ಕೆ ಹೋದಾಗ ಎಂದೇ ಹೆಚ್ಚಿನವರು ಎಣಿಸುತ್ತಾರೆ. ಎಷ್ಟೋ ಸಲ ನಡೆಯುವುದು ಉಲ್ಟಾ. ಮುಚ್ಚಳವನ್ನು ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಬಳೆ) ಮೇಲೆ ಬಿಗಿಯಾಗಿ ಅದುಮುವುದು ನೀರಿನ ಒತ್ತಡವೇ. ಮೊದಲ ಒಂದೆರಡು ಮೀಟರಿನಲ್ಲಿ ಆ ನೆರವು ಸಿಗುವುದಿಲ್ಲ. ಹಾಗಾಗಿ ಸೋರುತ್ತದೆಯೇ ಎಂಬುದು ಒಂದು ಪ್ರಶ್ನೆ, ಆಳದ ಭಾರ ತಾಳುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಒಂದರಲ್ಲಿ ಪಾಸಾದ ಹೌಸಿಂಗ್ ಇನ್ನೊಂದರಲ್ಲಿ ಫೇಲಾಗಬಹುದು.

ಮೊದಲು ಓ-ರಿಂಗ್

ಓ-ರಿಂಗನ್ನು ಸೂಜಿ, ಚಾಕುವಿನಿಂದ ಕೀಳಬೇಡಿ. ಎರಡು ಬೆರಳಿನಿಂದ ಒಂದೆಡೆಗೆ ದೂಡಿದರೆ ಅದು ಕಮಾನಿನಂತೆ ಮೇಲೇಳುತ್ತದೆ, ಅಲ್ಲಿಂದ ಎತ್ತಿ. ಬೆರಳ ತುದಿಗಳ ನಡುವೆ ನಿಧಾನ ಎಳೆಯುತ್ತಾ ಒಂದು ಸುತ್ತು ಸವರಿ. ಕಣ್ಣಿಗೆ ಕಾಣದ ಸೀಳು, ಮರಳಿನ ಕಣ ಬೆರಳಿಗೆ ತಾಗುತ್ತದೆ. ರಿಂಗ್ ದುಂಡಗಿರದೆ ಒಂದು ಬದಿ ಚಪ್ಪಟೆಯಾಗಿದ್ದರೆ ಬದಲಿಸಿ. ಅದು ಕೂರುವ ತೋಡನ್ನು ಎಳೆ ಬಿಡದ ಬಟ್ಟೆಯಿಂದ ಒರೆಸಿ. ಒಂದೇ ಒಂದು ತಲೆಗೂದಲು ಅಡ್ಡ ಬಿದ್ದಿದ್ದರೂ ಅದರ ಎರಡೂ ಪಕ್ಕದಲ್ಲಿ ನೀರಿಗೆ ದಾರಿಯಾಗುತ್ತದೆ.

ಗ್ರೀಸ್ ಹಚ್ಚುವುದು ರಿಂಗ್ ಜಾರಿ ಸರಿಯಾಗಿ ಕೂರಲಿ ಎಂದು, ಸಂದು ಮುಚ್ಚಲಿ ಎಂದಲ್ಲ. ರಿಂಗ್ ಹೊಳೆದರೆ ಸಾಕು. ಮುದ್ದೆ ಕಂಡರೆ ಹೆಚ್ಚಾಯಿತು, ಧೂಳು ಅಂಟುತ್ತದೆ. ಸಿಲಿಕೋನ್ ರಿಂಗ್‌ಗೆ ಸಾಮಾನ್ಯ ಸಿಲಿಕೋನ್ ಗ್ರೀಸ್ ಹಚ್ಚಿದರೆ ಅದು ಉಬ್ಬಿಕೊಳ್ಳುತ್ತದೆ. ಹೌಸಿಂಗ್ ತಯಾರಕರು ಹೇಳಿದ ಗ್ರೀಸನ್ನೇ ಬಳಸಿ.

ಗಾಳಿ ಎಳೆದು ನೋಡುವುದು

ಹೌಸಿಂಗ್‌ಗೆ ವ್ಯಾಕ್ಯೂಮ್ ವಾಲ್ವ್ ಇದ್ದರೆ ಕೈಪಂಪಿನಿಂದ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ 250 ಮಿಲಿಬಾರ್‌ನಷ್ಟು ಇಳಿಸಿ. ಐದು ನಿಮಿಷ ಬಿಡಿ. ಎಳೆದಾಗ ತಣ್ಣಗಾದ ಗಾಳಿ ಮತ್ತೆ ಬೆಚ್ಚಗಾಗುವಾಗ ಒತ್ತಡ ಮಾಪಕದ ಮುಳ್ಳು ತುಸು ಜರುಗುತ್ತದೆ, ಅದು ಸೋರಿಕೆಯಲ್ಲ. ಆಮೇಲೆ ಅಂಕಿ ಬರೆದಿಟ್ಟುಕೊಂಡು ಅರ್ಧ ಗಂಟೆ ಕಾಯಿರಿ. ಈ ನಡುವೆ ಪ್ರತಿ ಬಟನ್ ಒತ್ತಿ, ಪ್ರತಿ ನಾಬ್ ತಿರುಗಿಸಿ. ಸುಮ್ಮನಿದ್ದಾಗ ಸೋರದ ಬಟನ್ ಒತ್ತಿದಾಗ ಸೋರುವುದುಂಟು.

ಹೌಸಿಂಗನ್ನು ತಂಪು ಕೋಣೆಯಿಂದ ಬಿಸಿಲಿಗೆ ಒಯ್ಯಬೇಡಿ. ಒಳಗಿನ ಗಾಳಿ 5 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಒತ್ತಡ ಸುಮಾರು 12 ಮಿಲಿಬಾರ್ ಏರುತ್ತದೆ. ಇಷ್ಟಕ್ಕೇ ಗಾಬರಿಬಿದ್ದು ಸರಿಯಿದ್ದ ಓ-ರಿಂಗ್ ಬಿಸಾಡಬೇಡಿ. ಉಷ್ಣಾಂಶ ಬದಲಾಗದೆಯೂ ಮುಳ್ಳು ಒಂದೇ ಸಮನೆ ಏರುತ್ತಿದ್ದರೆ ಮಾತ್ರ ಸೋರುತ್ತಿದೆ ಎಂದರ್ಥ.

ಪಂಪನ್ನು ತಿರುವುಮುರುವಾಗಿ ಜೋಡಿಸಿ ಒಳಗೆ ಗಾಳಿ ತುಂಬುವ ಪ್ರಯತ್ನ ಬೇಡ. ಹೌಸಿಂಗ್ ರೂಪುಗೊಂಡಿರುವುದು ಹೊರಗಿನ ಒತ್ತಡ ತಡೆಯಲಿಕ್ಕೆ; ಒಳಗಿನಿಂದ ದೂಡಿದರೆ ಪೋರ್ಟ್ (ಲೆನ್ಸ್ ಮುಂದಿನ ಪಾರದರ್ಶಕ ಕಿಟಕಿ) ಸಿಡಿದು ಮುಖಕ್ಕೆ ಬಡಿಯಬಹುದು.

ಬಕೆಟ್ಟಿನ ಪರೀಕ್ಷೆ

ವಾಲ್ವ್ ಇರಲಿ, ಇಲ್ಲದಿರಲಿ, ಇದನ್ನು ಬಿಡಬೇಡಿ. ಕ್ಯಾಮೆರಾ ಬದಲಿಗೆ ಅಷ್ಟೇ ತೂಕದ ವಸ್ತುವನ್ನು ಬಟ್ಟೆ ಸುತ್ತಿ ಒಳಗಿಡಿ. ಟಿಶ್ಯೂ ಕಾಗದದ ಮೇಲೆ ನೀರಿಗೆ ಕರಗುವ ಸ್ಕೆಚ್ ಪೆನ್ನಿನಿಂದ ಬೆರಳಗಲಕ್ಕೊಂದರಂತೆ ಚುಕ್ಕೆ ಇಟ್ಟು, ಅದನ್ನು ಮುಚ್ಚಳದ ಅಂಚಿಗೂ ಬಟನ್‌ಗಳ ಕೆಳಗೂ ಹಾಸಿ. ಹನಿ ಬಿದ್ದಲ್ಲಿ ಚುಕ್ಕೆ ಹೂವಿನಂತೆ ಅರಳುತ್ತದೆ. ಕಾಗದ ಆಮೇಲೆ ಒಣಗಿದರೂ ಆ ಗುರುತು ಹಾಗೇ ಉಳಿಯುತ್ತದೆ.

ಉಪ್ಪಿಲ್ಲದ ನೀರಿನಲ್ಲಿ ಮುಳುಗಿಸಿ ಕೈಯಲ್ಲಿ ಅದುಮಿ ಹಿಡಿಯಿರಿ. ಬಟನ್‌ಗಳ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ ನಾಲ್ಕಾರು ಗುಳ್ಳೆಯಾಗಿ ಹೊರಬಂದು ನಿಲ್ಲುತ್ತದೆ. ಒಂದೇ ಜಾಗದಿಂದ ದಾರದಂತೆ ಸಾಲಾಗಿ ಏಳುತ್ತಿದ್ದರೆ ಹೌಸಿಂಗನ್ನು ತಕ್ಷಣ ಮೇಲೆತ್ತಿ. ಗುಳ್ಳೆ ಇಲ್ಲದಿದ್ದರೆ ಅರ್ಧ ಗಂಟೆ ಹಾಗೇ ಇಡಿ.

ಒತ್ತಡ ತಾಳುತ್ತದೆಯೇ?

ಸಮುದ್ರದಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಸುಮಾರು 1 ಬಾರ್ ಒತ್ತಡ ಹೆಚ್ಚುತ್ತದೆ. 15 ಸೆಂಟಿಮೀಟರ್ ವ್ಯಾಸದ ಚಪ್ಪಟೆ ಪೋರ್ಟ್ ಮೇಲೆ 40 ಮೀಟರಿನಲ್ಲಿ ಬೀಳುವ ಭಾರ ಸುಮಾರು 700 ಕಿಲೋ. ವ್ಯಾಕ್ಯೂಮ್ ಪರೀಕ್ಷೆಯಲ್ಲಿ ಅದೇ ಪೋರ್ಟ್ ಹೊತ್ತದ್ದು 45 ಕಿಲೋ ಅಷ್ಟೇ, ಎಂದರೆ ಎರಡೂವರೆ ಮೀಟರ್ ಆಳಕ್ಕೆ ಸಮ. ಆ ಫಲಿತಾಂಶ ನೋಡಿ ಗಟ್ಟಿತನದ ಬಗ್ಗೆ ಏನೂ ಹೇಳಲಾಗದು.

ಸುಲಭದ ದಾರಿ ಹಗ್ಗ. 5 ಮೀಟರಿಗೊಂದು ಗುರುತು ಹಾಕಿದ ಹಗ್ಗಕ್ಕೆ ಕ್ಯಾಮೆರಾ ಇಲ್ಲದ ಹೌಸಿಂಗ್ ಕಟ್ಟಿ ದೋಣಿಯಿಂದ ಇಳಿಬಿಡಿ. 4 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುವ ಹೌಸಿಂಗ್ ಒಳಗಿನ ವಸ್ತುವೂ ಸೇರಿ ಒಂದೂವರೆ ಕಿಲೋ ತೂಗಿದರೆ, ಎರಡೂವರೆ ಕಿಲೋ ಬಲದಿಂದ ಮೇಲಕ್ಕೆ ಜಗ್ಗುತ್ತದೆ. ಅದಕ್ಕೆ ನಾಲ್ಕು ಕಿಲೋ ಸೀಸ ಕಟ್ಟಿದರೆ ನೇರ ಇಳಿಯುತ್ತದೆ. ನೀವು ಹೋಗಲಿರುವ ಆಳದಲ್ಲಿ 20 ನಿಮಿಷ ನಿಲ್ಲಿಸಿ ಎಳೆದುಕೊಳ್ಳಿ.

ಒತ್ತಡದ ತೊಟ್ಟಿ ಸಿಕ್ಕರೆ ಒತ್ತಡ ನಿಮ್ಮ ಹಿಡಿತದಲ್ಲಿರುತ್ತದೆ. ತೊಟ್ಟಿಯಲ್ಲಿ ಗಾಳಿಯ ಗುಳ್ಳೆಯೂ ಉಳಿಯದಂತೆ ನೀರು ತುಂಬಿ. ಹಿಂಡಿದ ಗಾಳಿ ಎಳೆದ ಸ್ಪ್ರಿಂಗಿನಂತೆ, ತೊಟ್ಟಿ ಬಿರಿದರೆ ಚೂರು ಹಾರುತ್ತದೆ. ನೀರಾದರೆ ಹೆಚ್ಚು ಹಿಗ್ಗದು. ಕೈಪಂಪಿನಿಂದ ಒಮ್ಮೆಗೆ 1 ಬಾರ್ ಏರಿಸಿ, ಎರಡು ನಿಮಿಷ ನಿಲ್ಲಿ, ಮತ್ತೆ ಏರಿಸಿ. ಕೊಂಡ ಹೌಸಿಂಗ್ ಆದರೆ ಅದರ ಮೇಲೆ ಬರೆದ ಆಳ ದಾಟಬೇಡಿ. ಸ್ವತಃ ಮಾಡಿದ್ದಾದರೆ ಬಳಸುವ ಆಳದ ಒಂದೂವರೆ ಪಟ್ಟು ಒತ್ತಡಕ್ಕೆ ಏರಿಸಿ ಅರ್ಧ ಗಂಟೆ ಇಡಿ. ಇಳಿಸಿ, ಹೀಗೆ ಮೂರು ಸಲ ಮಾಡಿ. ಅಕ್ರಿಲಿಕ್ ಪೋರ್ಟ್ ಮೊದಲ ಸಲ ತಡೆದುಕೊಂಡು ಮೂರನೆಯದರಲ್ಲಿ ಬಿರುಕು ತೋರಿಸಬಹುದು. ಪೋರ್ಟನ್ನು ಓರೆಬೆಳಕಿಗೆ ಹಿಡಿದು ಜೇಡನ ಎಳೆಯಂಥ ಗೆರೆ ಇದೆಯೇ ನೋಡಿ. ಅಕ್ರಿಲಿಕ್ಕನ್ನು ಸ್ಪಿರಿಟ್‌ನಲ್ಲಿ ಒರೆಸುವ ಅಭ್ಯಾಸವಿದ್ದರೆ ಆ ಗೆರೆಗಳು ಬೇಗ ಬರುತ್ತವೆ.

ತೆರೆಯುವಾಗ

ಆಳದಲ್ಲಿ ನೀರು ಕುಡಿದ ಹೌಸಿಂಗಿನೊಳಗೆ ಹಿಂಡಿದ ಗಾಳಿ ಇರಬಹುದು. ಪೋರ್ಟ್ ಯಾರ ಕಡೆಗೂ ತಿರುಗದಂತೆ ಹಿಡಿದು ಚಿಲಕ ನಿಧಾನ ಬಿಚ್ಚಿ. ಮುಚ್ಚಳದ ಅಂಚನ್ನು ಮೊದಲೇ ಒರೆಸಿ, ಇಲ್ಲವೇ ಅಲ್ಲಿನ ಹನಿಯೇ ಒಳಗೆ ಬಿದ್ದು ದಾರಿ ತಪ್ಪಿಸುತ್ತದೆ. ಅಂಚಿನ ಚುಕ್ಕೆಗಳು ಅರಳಿದ್ದರೆ ಮುಚ್ಚಳದ ರಿಂಗ್, ಬಟನ್ ಕೆಳಗಿನವು ಅರಳಿದ್ದರೆ ಆ ಬಟನ್ನಿನ ರಿಂಗ್. ಚುಕ್ಕೆಗಳೆಲ್ಲ ಹಾಗೇ ಇದ್ದು ಗಾಜಿಗೆ ಮಾತ್ರ ತೆಳುವಾಗಿ ಮಂಜು ಕವಿದಿದ್ದರೆ ಅದು ಸೋರಿಕೆಯಲ್ಲ, ಮುಚ್ಚುವಾಗ ಸೇರಿದ ತೇವದ ಗಾಳಿ. ಒಣ ಕೋಣೆಯಲ್ಲಿ ಮುಚ್ಚಿ, ಸಿಲಿಕಾ ಜೆಲ್ ಪೊಟ್ಟಣ ಇಡಿ.

ಎಲ್ಲವೂ ಸರಿಯಾದ ಮೇಲೆ ಕ್ಯಾಮೆರಾ ಇಡಲು ಮುಚ್ಚಳ ತೆಗೆಯುತ್ತೀರಲ್ಲ, ಆಗ ರಿಂಗ್ ಹೊಸದಾಗಿ ಕೂರುತ್ತದೆ. ವ್ಯಾಕ್ಯೂಮ್ ಪರೀಕ್ಷೆಯನ್ನಾದರೂ ಮತ್ತೊಮ್ಮೆ ಮಾಡಿ.