ಜವಾರಿ ಕೋಳಿಗೆ ಕೊಕ್ಕರೆ ರೋಗದ ಲಸಿಕೆ: ಮನೆ ಲೆಕ್ಕ ಬಿಡಿ, ಓಣಿ ಲೆಕ್ಕ ಹಿಡಿಯಿರಿ

ಐದಾರು ಕೋಳಿ ಇರುವ ಮನೆಗಳಿಗೆ ಕೊಕ್ಕರೆ ರೋಗದ (ರಾಣಿಖೇತ್ ಎಂಬ, ಕೋಳಿಗಳಿಗೆ ಹರಡುವ ಕಾಯಿಲೆ) ಲಸಿಕೆ ಹಾಕುವುದು ಪೂರೈಸಲ್ಲ ಎಂದವರೇ ಹೆಚ್ಚು. ಕೊಪ್ಪಳದ ಕಡೆ ಓಣಿ ಲೆಕ್ಕದಲ್ಲಿ ಹಾಕಿದ್ದೇವೆ. ಬೇಸಿಗೆ ದಾಟಿದರೂ ಹತ್ತಕ್ಕೆ ಎಂಟೊಂಬತ್ತು ಕೋಳಿ ಉಳಿದಿವೆ. ಕೂಲಿ ಸಿಗದ ತಿಂಗಳಲ್ಲಿ ಒಂದು ಹುಂಜ ಅಂದರೆ ಐನೂರು ಆರುನೂರು ರೂಪಾಯಿ, ಅದೂ ಹೆಂಗಸರ ಕೈಗೇ ಬರುವ ದುಡ್ಡು.

ಕೆಲಸ ಕೆಡುವುದು ನೂರು ಡೋಸಿನ ಸೀಸೆಯಲ್ಲಿ. ಕಲಸಿದ ಲಸಿಕೆ ಒಂದೆರಡು ಗಂಟೆಯೊಳಗೆ ಮುಗಿಯಬೇಕು. ಹಗಲಲ್ಲಿ ಹೋದರೆ ಕೋಳಿ ತಿಪ್ಪೆಯಲ್ಲಿ, ಯಜಮಾನಿ ಕೂಲಿಗೆ, ಮೂವತ್ತಕ್ಕೆ ಹಾಕುವಷ್ಟರಲ್ಲಿ ಉಳಿದದ್ದು ಚೆಲ್ಲಬೇಕು. ಅದಕ್ಕೇ ಹಿಂದಿನ ಸಂಜೆ ಹದಿನೈದು ಇಪ್ಪತ್ತು ಮನೆಯ ಕೋಳಿ ಎಣಿಸಿಟ್ಟು, ನಸುಕಿನಲ್ಲಿ ಕೋಳಿ ಮುಚ್ಚಿದ ಬುಟ್ಟಿ ಎತ್ತುವ ಮೊದಲೇ ಶುರು ಮಾಡುತ್ತೇವೆ.

ಮರಿಗಳಿಗೆ ಲಸೋಟ ಎಂಬ ಸೌಮ್ಯ ಲಸಿಕೆ, ಕಣ್ಣಿಗೆ ಒಂದು ಹನಿ. ಡ್ರಾಪರ್ ನಂಬಬೇಡಿ, ಒಂದು ಮಿ.ಲೀ.ಗೆ ಎಷ್ಟು ಹನಿ ಬೀಳುತ್ತದೆ ಎಣಿಸಿ. ಇಪ್ಪತ್ತು ಬಿದ್ದರೆ ನೂರು ಡೋಸಿಗೆ ಐದು ಮಿ.ಲೀ. ದ್ರಾವಣ, ಮೂವತ್ತು ಬಿದ್ದರೆ ಸುಮಾರು 3.3 ಮಿ.ಲೀ. ಸಾಕು. ಹನಿ ಹಾಕಿ ಕೂಡಲೇ ಬಿಡಬೇಡಿ. ಕಣ್ಣು ಮಿಟುಕಿಸಿ ಹನಿ ಒಳಗಿಳಿಯಲಿ. ಎಂಟು ವಾರ ದಾಟಿದವಕ್ಕೆ ಆರ್‌2ಬಿ ಎಂಬ ಜೋರಿನ ಲಸಿಕೆ: ನೂರು ಡೋಸಿಗೆ ಐವತ್ತು ಮಿ.ಲೀ. ತಣ್ಣನೆ ಸಲೈನ್, ರೆಕ್ಕೆಯ ಬುಡದಲ್ಲಿ ಚರ್ಮದಡಿ ಅರ್ಧ ಮಿ.ಲೀ. ಇದನ್ನು ಸಣ್ಣ ಮರಿಗೆ ಕೊಟ್ಟರೆ ಲಸಿಕೆಯೇ ರೋಗ ತರುತ್ತದೆ, ಮೊಟ್ಟೆಯ ಕೋಳಿಗೆ ಕೊಟ್ಟರೆ ಮೊಟ್ಟೆ ಇಳಿಯುತ್ತದೆ. ವಾರದ ಮುಂಚೆ ಜಂತುಹುಳದ ಔಷಧಿ ತಪ್ಪಿಸಬೇಡಿ.

ಅನ್ನಕ್ಕೆ ಬೆರೆಸಿಯೂ ನೋಡಿದೆವು. ಜೋರಿರುವ ಹುಂಜ ನಾಲ್ಕು ಪಾಲು ತಿನ್ನುತ್ತದೆ, ಮರಿಗೆ ಏನೂ ಉಳಿಯಲ್ಲ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಪೀಟರ್ ಸ್ಪ್ರಾಡ್‌ಬ್ರೋ ಬಡವರ ಕೋಳಿಗೆಂದೇ ಬಿಸಿ ತಡೆಯುವ ಐ-2 ಲಸಿಕೆ ರೂಪಿಸಿದರು. ಮೊಜಾಂಬಿಕ್, ತಾಂಜಾನಿಯಾಗಳ ಹಳ್ಳಿಗಳಲ್ಲಿ ಅದನ್ನು ನಾಲ್ಕು ತಿಂಗಳಿಗೊಮ್ಮೆ ಕಣ್ಣಿಗೇ ಹಾಕುತ್ತಾರೆ. ನಮ್ಮ ಲಸಿಕೆ ಬಿಸಿ ತಡೆಯಲ್ಲ, ಸೀಸೆಗೆ ಐಸ್ ಬೇಕೇ ಬೇಕು, ಥರ್ಮಾಸಿನಲ್ಲಿ, ಬಿಸಿಲು ತಾಗದಂತೆ.

ದುಡ್ಡು: ಕೋಳಿಗೆ ಮೂರು ರೂಪಾಯಿ. ಸೀಸೆ, ಸಲೈನ್, ಐಸ್, ಸೂಜಿ ಸೇರಿ ಒಂದು ರೂಪಾಯಿ ಚಿಲ್ಲರೆ, ಮಿಕ್ಕದ್ದು ಲಸಿಕೆ ಹಾಕುವ ಹೆಣ್ಣುಮಗಳಿಗೆ. ಸೀಸೆಗೆ ಎಂಬತ್ತು ಕೋಳಿ ಸಿಕ್ಕರಷ್ಟೇ ಈ ಲೆಕ್ಕ, ಐವತ್ತಕ್ಕಿಳಿದರೆ ಅವಳಿಗೆ ಹೆಚ್ಚೇನೂ ಗಿಟ್ಟಲ್ಲ. ಪುಕ್ಕಟೆ ಹಾಕಿದ ಊರಲ್ಲಿ ಎರಡನೇ ಸುತ್ತಿಗೆ ಕೋಳಿ ಹಿಡಿದುಕೊಡುವವರೇ ಇರಲಿಲ್ಲ. ಜಾತ್ರೆ, ಸಂತೆಯಿಂದ ತಂದ ಕೋಳಿಯನ್ನು ಮಾತ್ರ ಎರಡು ವಾರ ಬೇರೆ ಬುಟ್ಟಿಯಲ್ಲಿಡಿ.