ಟ್ಯಾಂಕ್‌ನಲ್ಲಿ ಜರಿ ಕಂಡರೆ ಏನು ಮಾಡಬೇಕು

"ಬಾಮ್ಮ ಇಲ್ಲಿ, ಮೀನಿನ ಟ್ಯಾಂಕಲ್ಲಿ ಜರಿ ಸೇರ್ಕೊಂಡಿದೆ!" ಅಂತ ನಮ್ಮತ್ತೆ ಕೂಗಿದಾಗ ರಾತ್ರಿ ಹನ್ನೊಂದೂವರೆ. ನಾನು ಮದುವೆ ಬ್ಲೌಸೊಂದಕ್ಕೆ ಹೆಮ್ಮಿಂಗ್ ಹಾಕುತ್ತಾ ಕೂತಿದ್ದೆ. ಬೆಂಗಳೂರಿನ ಶ್ರೀನಗರದ ನಮ್ಮ ಮನೆಯ ಹಾಲ್‌ನಲ್ಲಿ ಮೂರಡಿಯ ಉಪ್ಪುನೀರಿನ ಟ್ಯಾಂಕ್ ಇದೆ. ಲಾಕ್‌ಡೌನ್‌ನಲ್ಲಿ ನಮ್ಮನೆಯವರು ತಂದಿದ್ದು. ನೋಡಿಕೊಳ್ಳುವ ಕೆಲಸ ಮಾತ್ರ ನನ್ನ ತಲೆಗೆ ಬಂತು.

ಅದು ಜರಿ ಅಲ್ಲ. ಜರಿಯ ಕಾಲು ಗಟ್ಟಿ, ಕೀಲುಗಳಿರುವ ಕಾಲು. ಇದರದ್ದು ಮೆತ್ತನೆಯ ಮಾಂಸದ ತುಂಡು, ಅದರ ತುದಿಯಲ್ಲಿ ಬಿರುಗೂದಲು. ಹೆಸರು ಪಾಲಿಕೀಟ್, ಅಂದರೆ ತುಂಬಾ ಕೂದಲಿನದು ಅಂತ. ಎರೆಹುಳಕ್ಕೂ ಜಿಗಣೆಗೂ ನೆಂಟ. ಹತ್ತು ಸಾವಿರಕ್ಕೂ ಜಾಸ್ತಿ ಜಾತಿಗಳಿವೆ, ಬಹುಪಾಲು ಸಮುದ್ರದಲ್ಲೇ. ಬೆಂಗಳೂರಿಗೆ ಸಮುದ್ರ ಎಲ್ಲಿಂದ ಬಂತು ಅಂತೀರಾ? ಅಂಗಡಿಯಿಂದ ತರುವ ಕಲ್ಲಿನ ಸಂದಿಯಲ್ಲಿ ಅಡಗಿಕೊಂಡು ಬರುತ್ತವೆ.

ಹುಳ ಕಂಡ ತಕ್ಷಣ ಔಷಧಿ ಹುಡುಕಬೇಡಿ. ಔಷಧಿ ಹಾಕಿದರೆ ಹುಳಗಳೆಲ್ಲ ಕಲ್ಲಿನೊಳಗೇ ಸತ್ತು ಕೊಳೆಯುತ್ತವೆ. ನೀರಲ್ಲಿ ಅಮೋನಿಯಾ ಏರುತ್ತದೆ, ಬೆಳಗ್ಗೆ ಎದ್ದರೆ ಮೀನೂ ತೇಲುತ್ತಿರುತ್ತದೆ. ಮೊದಲು ಯಾವ ಹುಳ ಅಂತ ನೋಡಿ.

ನೋಡಲು ರಾತ್ರಿಯೇ ಸರಿ. ಟ್ಯಾಂಕಿನ ಲೈಟ್ ಆರಿಸಿ ಎರಡು ಗಂಟೆ ಬಿಡಿ. ಟಾರ್ಚಿಗೆ ಕೆಂಪು ಜಿಲೆಟಿನ್ ಪೇಪರ್ ಕಟ್ಟಿ, ಗಿಫ್ಟ್ ಸುತ್ತುವುದು ನಡೆಯುತ್ತದೆ. ಬಿಳಿ ಬೆಳಕು ಬಿದ್ದರೆ ಸರ್ರನೆ ಒಳಗೆ ಹೋಗುತ್ತವೆ, ಕೆಂಪಿಗೆ ಅಷ್ಟಾಗಿ ಹೆದರುವುದಿಲ್ಲ. ಒಂದು ಚೂರು ಸಿಗಡಿಯನ್ನು ಕಲ್ಲಿನ ಪಕ್ಕ ಇಟ್ಟು ಸುಮ್ನೆ ಕೂತುಕೊಳ್ಳಿ.

ಹಿಡಿದು ನೋಡಬೇಕು ಅಂದರೆ ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಶರ್ಟಿನ ಕಾಜಾದಷ್ಟು ಅಗಲದ ನಾಲ್ಕೈದು ತೂತು ಮಾಡಿ. ಒಳಗೆ ಸಿಗಡಿ ಚೂರು, ಜೊತೆಗೆ ಮುಳುಗಲು ಒಂದು ಕಲ್ಲು. ಲೈಟ್ ಆರಿಸುವ ಹೊತ್ತಿಗೆ ಬಿಟ್ಟು, ಬೆಳಗ್ಗೆ ಲೈಟ್ ಹಾಕುವ ಮೊದಲೇ ಎತ್ತಿ. ಒಳಗಿದ್ದದ್ದನ್ನು ಬಿಳಿ ತಟ್ಟೆಗೆ ಸುರಿಯಿರಿ. ತಟ್ಟೆಯಲ್ಲಿ ಟ್ಯಾಂಕಿನ ನೀರೇ ಇರಬೇಕು. ನಲ್ಲಿ ನೀರಾದರೆ ಅದನ್ನು ಹೀರಿಕೊಂಡು ಉಬ್ಬಿ ಸಾಯುತ್ತದೆ ಪಾಪ.

ಕೈಯಲ್ಲಿ ಮಾತ್ರ ಮುಟ್ಟಬೇಡಿ. ನಾನು ಮುಟ್ಟಿದ್ದೆ. ದಿನಾ ಸೂಜಿ ಚುಚ್ಚಿಸಿಕೊಳ್ಳುವ ಕೈ, ಇದೇನು ಮಹಾ ಅಂದುಕೊಂಡೆ. ತೋರುಬೆರಳಿನ ತುದಿಗೆ ಬಿಳಿ ನಯವಾದ ರೋಮ ಅಂಟಿಕೊಂಡವು, ಕಣ್ಣಿಗೂ ಸರಿಯಾಗಿ ಕಾಣದಷ್ಟು ಸಣ್ಣ. ಒಂದು ನಿಮಿಷದಲ್ಲಿ ಬೆಂಕಿ ಇಟ್ಟ ಹಾಗೆ ಉರಿ. ಉಜ್ಜಿದೆ, ಅದು ಇನ್ನೊಂದು ತಪ್ಪು. ಗಾಜಿನ ನಾರಿನ ಹಾಗೆ ಮುರಿದು ಒಳಗೇ ಉಳಿದವು. ಎರಡು ದಿನ ಸೂಜಿಗೆ ದಾರ ಪೋಣಿಸಲು ಆಗಲಿಲ್ಲ, ಬ್ಲೌಸಿನವರ ಬೈಗುಳ ಬೇರೆ. ಹೀಗಾದರೆ ಉಜ್ಜದೆ ಸೆಲೋಟೇಪ್ ಒತ್ತಿ, ನಿಧಾನವಾಗಿ ಎಳೆಯಿರಿ. ಎರಡು ಮೂರು ಸಲ, ಪ್ರತಿಸಲ ಹೊಸ ತುಂಡು. ಬಾವು ಏರುತ್ತಾ ಹೋದರೆ ಅಥವಾ ಉಸಿರಾಟಕ್ಕೆ ತೊಂದರೆಯಾದರೆ ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಮುಂದಿನ ಸಲದಿಂದ ರಬ್ಬರ್ ಗ್ಲೌಸ್, ಉದ್ದನೆಯ ಚಿಮಟ.

ನನಗೆ ಚುಚ್ಚಿದ್ದು ಫೈರ್‌ವರ್ಮ್ ಗುಂಪಿನದು. ಗುಲಾಬಿ ಅಥವಾ ಕಿತ್ತಳೆ ಮೈ, ಎರಡೂ ಬದಿ ಸಾಲಾಗಿ ಬಿಳಿ ರೋಮದ ಕುಚ್ಚು. ಟ್ಯಾಂಕಿನಲ್ಲಿ ಸಿಗುವ ಸಣ್ಣವು ಹೆಚ್ಚಾಗಿ ಮೀನು ಬಿಟ್ಟ ಊಟ, ಸತ್ತದ್ದು ಕೊಳೆತದ್ದು ತಿಂದುಕೊಂಡಿರುತ್ತವೆ. ಇವು ಜಾಸ್ತಿಯಾದರೆ ನೀವು ಊಟ ಜಾಸ್ತಿ ಹಾಕುತ್ತಿದ್ದೀರಿ ಅಂತಲೇ ಅರ್ಥ. ನಮ್ಮನೆಯಲ್ಲಿ ಅತ್ತೆ ಹಾಕುತ್ತಿದ್ದ ಸಂಜೆಯ ಎರಡನೇ ಸುತ್ತು ನಿಲ್ಲಿಸಿದೆವು. ಎರಡು ತಿಂಗಳಲ್ಲಿ ಹುಳ ಅರ್ಧಕ್ಕರ್ಧ ಕಡಿಮೆಯಾಯಿತು.

ನೆರೀಸ್ ಜಾತಿಯದು ಸಿಕ್ಕರೆ ಅದೃಷ್ಟ. ನನಗೆ ಒಂದೇ ಸಲ ಸಿಕ್ಕಿದ್ದು, ಬೆರಳುದ್ದ. ಬ್ಲೌಸಿನ ಬಟ್ಟೆಯ ಎಳೆ ಎಣಿಸಲು ಇಟ್ಟುಕೊಂಡ ಭೂತಗನ್ನಡಿಯಲ್ಲಿ ನೋಡಿದೆ. ತಲೆಯ ಮೇಲೆ ನಾಲ್ಕು ಕಪ್ಪು ಕಣ್ಣು, ಗಸಗಸೆ ಕಾಳಿಗಿಂತ ಚಿಕ್ಕವು. ಬೆನ್ನುದ್ದಕ್ಕೂ ಕೆಂಪು ಗೆರೆ, ಅದು ರಕ್ತನಾಳ. ರಕ್ತ ಬಾಲದ ಕಡೆಯಿಂದ ತಲೆಯ ಕಡೆಗೆ ಮಿಡಿಯುತ್ತಾ ಹೋಗುವುದು ಚರ್ಮದ ಮೂಲಕವೇ ಕಾಣುತ್ತದೆ. ಕಾಲುಗಳ ಅಲೆಯೂ ಹಾಗೇ, ಹಿಂದಿನ ಕಾಲು ಎದ್ದ ಮೇಲೆ ಅದರ ಮುಂದಿನದು. ಸಿಗಡಿ ಚೂರು ಹತ್ತಿರ ತಂದೆ. ಅಂಗಿಯ ತೋಳು ಒಳಗಿನಿಂದ ಹೊರಗೆ ಮಗುಚಿದ ಹಾಗೆ ಗಂಟಲನ್ನೇ ಹೊರಗೆ ಚಾಚಿತು. ತುದಿಯಲ್ಲಿ ಎರಡು ಕೊಕ್ಕೆ ದವಡೆ! ನಾನು ತಟ್ಟೆ ಬಿಟ್ಟು ಹಿಂದೆ ಸರಿದೆ, ನಿಜ ಹೇಳಬೇಕಲ್ವಾ.

ಗಾಜಿನ ಮೇಲೆ ಸಾಸಿವೆಗಿಂತ ಚಿಕ್ಕದಾದ ಬಿಳಿ ಸುರುಳಿಗಳು ಕಂಡರೆ ಅದೂ ಪಾಲಿಕೀಟ್ ಹುಳವೇ, ಸ್ಪೈರಾರ್ಬಿಸ್. ಸುಣ್ಣದ ಕೊಳವೆಯೊಳಗೆ ಕೂತಿರುತ್ತದೆ. ಬಿಟ್ಟುಬಿಡಿ.

ನನಗೆ ಇಷ್ಟವಾದದ್ದು ಫೆದರ್ ಡಸ್ಟರ್ ಅನ್ನುವ ಹುಳ. ಸೀರೆ ಸೆರಗಿನ ಕುಚ್ಚನ್ನು ತಲೆಕೆಳಗು ಮಾಡಿ ಕೊಳವೆಯಲ್ಲಿ ನಿಲ್ಲಿಸಿದ ಹಾಗಿರುತ್ತದೆ. ಆ ಕುಚ್ಚಿನಲ್ಲೇ ಉಸಿರಾಡುತ್ತದೆ, ಅದರಲ್ಲೇ ನೀರು ಸೋಸುತ್ತದೆ. ಸೋಸಿದ್ದನ್ನು ವಿಂಗಡಿಸುತ್ತದೆ ಬೇರೆ. ಸಣ್ಣ ಕಣ ಬಾಯಿಗೆ, ದೊಡ್ಡದು ಹೊರಗೆ, ನಡುವಿನದ್ದು ಲೋಳೆಯ ಜೊತೆ ಕಲಸಿ ಕೊಳವೆ ಕಟ್ಟಲು. ನೆರಳು ಬಿದ್ದರೆ ಕ್ಷಣದಲ್ಲಿ ಒಳಗೆ. ಒಂದು ದಿನ ಇದರ ಕುಚ್ಚು ಪೂರ್ತಿ ಉದುರಿ ಬಿದ್ದಿತ್ತು. ಸತ್ತಿತು ಅಂತ ಕೊಳವೆ ಸಮೇತ ಎಸೆದೆ. ಸತ್ತಿರಲಿಕ್ಕಿಲ್ಲ. ಈ ಹುಳಗಳು ಕುಚ್ಚು ಕಳಚಿ ವಾರಗಳಲ್ಲಿ ಮತ್ತೆ ಬೆಳೆಸಿಕೊಳ್ಳುತ್ತವೆ. ನೀವು ಎಸೆಯಬೇಡಿ, ಕಾಯಿರಿ. ಕೊಳವೆಯಿಂದ ಕೆಟ್ಟ ವಾಸನೆ ಬಂದರೆ ಮಾತ್ರ ತೆಗೆಯಿರಿ.

ತೆಗೆಯಲೇಬೇಕಾದದ್ದು ಒಂದಿದೆ, ಯೂನಿಸ್ ಜಾತಿಯ ದೊಡ್ಡ ಹುಳ. ತಲೆಯಲ್ಲಿ ಐದು ಮೀಸೆ, ಮೈ ಮೇಲೆ ಸೀರೆ ಜರಿಯಂತೆ ಬಣ್ಣ ಬದಲಿಸುವ ಮಿಂಚು. ಬಾಬಿಟ್ ಅಂತ ಕರೆಯುವ ಜಾತಿ ಸಮುದ್ರದಲ್ಲಿ ಮೂರು ಮೀಟರ್ ತನಕ ಬೆಳೆಯುತ್ತದೆ, ಮರಳಲ್ಲಿ ಹೂತುಕೊಂಡು ಮೀನನ್ನೇ ಹಿಡಿಯುತ್ತದೆ. ಟ್ಯಾಂಕಿನಲ್ಲಿ ರಾತ್ರಿಗೊಂದು ಮೀನು ಕಾಣೆಯಾಗುತ್ತಿದ್ದರೆ ಇದರ ಮೇಲೆ ಅನುಮಾನ ಪಡಿ. ಎಳೆಯಲು ಹೋಗಬೇಡಿ, ತುಂಡಾಗುತ್ತದೆ. ಅದು ಇರುವ ಕಲ್ಲನ್ನೇ ಎತ್ತಿ ಬೇರೆ ಬಕೆಟ್ಟಿಗೆ ಹಾಕಿ.

ಇದೇ ಬಳಗದ ಪಾಲೋಲೊ ಹುಳದ ಹಿಂಭಾಗ ವರ್ಷಕ್ಕೊಮ್ಮೆ ಚಂದ್ರನ ಲೆಕ್ಕಕ್ಕೆ ತಕ್ಕ ಹಾಗೆ ಕಳಚಿ, ಮೊಟ್ಟೆ ವೀರ್ಯ ಹೊತ್ತು ಮೇಲೆ ಈಜುತ್ತದೆ, ಸಮೋವಾದ ಜನ ಅದನ್ನು ಬಾಚಿ ತಿನ್ನುತ್ತಾರೆ ಅಂತ ಅತ್ತೆಗೆ ಹೇಳಿದೆ. "ಶಿವ ಶಿವ" ಅಂದವರು, ಸ್ವಲ್ಪ ಹೊತ್ತಿಗೆ "ಹುರಿದಾ, ಹಸಿಯಾ?" ಅಂದರು.

ನೋಡಿ ಮುಗಿದ ಮೇಲೆ ತಟ್ಟೆಯನ್ನು ಓರೆ ಮಾಡಿ ಟ್ಯಾಂಕಿನಲ್ಲಿ ಮುಳುಗಿಸಿ ಹಿಡಿಯಿರಿ, ಹುಳ ತಾನೇ ಇಳಿದು ಹೋಗುತ್ತದೆ. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗುವ ಹಾಗಿಲ್ಲ. ನಮ್ಮನೆಯದರ ಹಿಂದೆ ಕೆಂಪು ನೈಲ್ ಪಾಲಿಷ್‌ನಲ್ಲಿ "ಜರಿ" ಅಂತ ಬರೆದಿದೆ. ಬರೆದದ್ದು ಅತ್ತೆ.